ಕೊನೆಯ ಎರಡು ಊರಿನ ಕಿವುಡ

ತನಗೆ ಕಿವಿ ಕೇಳುವುದಿಲ್ಲ ಎಂಬ ಸುದ್ದಿ ಅವನಿಗೆ ಗೊತ್ತಾದದ್ದು ಬೆಳಗಿನ ತಿಂಡಿಯ ಮೇಜಿನಲ್ಲಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ. ಹೇಳಿದವರು ಅವನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಅವರು ಯಾವುದನ್ನೂ ಮೆಲ್ಲಗೆ ಹೇಳುವವರಲ್ಲ. ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ, ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದಿನ ನಡುವೆ ಜೀವಮಾನ ಕಳೆದವರು. ತಮ್ಮ ಕಿವಿಗೆ ಬೀಳುವಷ್ಟು ಜೋರಾಗಿ ಆಡಿದರೆ ಮಾತ್ರ ಅದು ಮಾತು ಎಂದು ನಂಬಿದವರು. "ಇದರಲ್ಲಿ ನಾಚ್ಕೆ ಪಡೋಂಥದ್ದು ಏನಿದೆ ಡಾಕ್ಟ್ರೇ," ಎಂದರು, ಹೋಟೆಲಿನ ಆ ತುದಿಯಲ್ಲಿ ಮಗುವಿಗೆ ತಿನ್ನಿಸುತ್ತಿದ್ದ ತಾಯಿಯೂ ತಿರುಗಿ ನೋಡುವಂತೆ. "ನನಗೆ ಕಿವಿ ಮಿಷನ್ ಹಾಕ್ಕೊಳ್ಳಿ ಹಾಕ್ಕೊಳ್ಳಿ ಅಂತ ಪ್ರಾಣ ತಿಂದ್ರಿ. ನಿನ್ನೆ ಸಂಜೆ ಸ್ನಾನ ಮುಗಿಸಿ ಬಂದು ನೋಡ್ತೀನಿ, ತಾವೇ ಅದನ್ನ ಕಿವೀಲಿಟ್ಕೊಂಡು ನಿಂತಿದೀರಿ, ಗರ ಬಡಿದವರ ಹಾಗೆ. ನಿಮಗೂ ಮಂದ ಅಂತ ಮೊದಲೇ ಹೇಳಿದ್ರೆ ನಾನು ಇಷ್ಟು ಹಟ ಮಾಡ್ತಿದ್ನಾ?"

ಅಲ್ಲ ಎನ್ನುವುದು ಸುಲಭವಿತ್ತು. ಬ್ಯಾಟರಿ ನೋಡುತ್ತಿದ್ದೆ ಎಂದು ಒಂದು ಮಾತು ಎಸೆದಿದ್ದರೆ ಮುಗಿಯುತ್ತಿತ್ತು. ಆದರೆ ಬ್ಯಾಟರಿ ನೋಡುವವನು ಗೋಡೆಗೆ ಅಷ್ಟು ಅಂಟಿಕೊಂಡು ಯಾಕೆ ನಿಂತಿದ್ದ ಎಂದು ಯಾರಾದರೂ ಕೇಳಿದರೆ? ಆ ಗೋಡೆಯ ಆಚೆ ಇದ್ದದ್ದು ಯಾರ ಕೋಣೆ ಎಂದು ಷಡ್ಡಕರ ಪಕ್ಕದಲ್ಲಿದ್ದ ಅತ್ತಿಗೆಗೆ, ಹೆಂಡತಿಯ ಅಕ್ಕನಿಗೆ, ಹೊಳೆದರೆ? ಅವನು ಉತ್ತರವನ್ನು ಬಾಯಲ್ಲಿ ಹೊರಳಿಸುತ್ತಿರುವಾಗ ಎದುರಿಗಿದ್ದ ಹೆಂಡತಿ ಮೆಲ್ಲಗೆ, "ಹೌದೇನ್ರೀ?" ಎಂದಳು. ಯೋಚನೆಯಲ್ಲಿದ್ದವನು ತಲೆಯೆತ್ತಿ, "ಏನಂದೆ?" ಎಂದ. ಅಲ್ಲಿಗೆ ತೀರ್ಮಾನವಾಗಿಹೋಯಿತು. ಹೆಂಡತಿ ಅಕ್ಕನ ಮುಖ ನೋಡಿದಳು, ಅಕ್ಕ ತಂಗಿಯ ಮುಖ ನೋಡಿದರು, ಷಡ್ಡಕರು ಗೆದ್ದವರಂತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯತೊಡಗಿದರು. ಊರವರ ಕಿವಿಯನ್ನೆಲ್ಲ ಪರೀಕ್ಷೆ ಮಾಡಿ ತೀರ್ಪು ಕೊಡುತ್ತಿದ್ದವನಿಗೆ ಯಾವ ಪರೀಕ್ಷೆಯೂ ಇಲ್ಲದೆ ತೀರ್ಪು ಸಿಕ್ಕಿತ್ತು. ಅವನು ಬ್ರೆಡ್ಡಿನ ಮೂಲೆಗಳಿಗೂ ಬೆಣ್ಣೆ ತಲುಪುವಂತೆ ಸವರುತ್ತ ಕೂತ.

ಅವನು ಡಾಕ್ಟರನೂ ಅಲ್ಲ. ಅದನ್ನೂ ಯಾರಿಗೂ ಬಿಡಿಸಿ ಹೇಳಿದವನಲ್ಲ. ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸಿಕೊಡುವ ಅಂಗಡಿ ಅವನದು. ಮುಂದೆ ಬಂದವರು ಕೂರುವ ಬೆಂಚು, ಹಿಂದೆ ಸದ್ದು ನುಗ್ಗದಂತೆ ಕಟ್ಟಿದ ಗಾಜಿನ ಗೂಡು. ಗೂಡಿನೊಳಗೆ ಮುದುಕರನ್ನು ಕೂರಿಸಿ, ಸದ್ದು ಕೇಳಿದರೆ ಬೆರಳೆತ್ತಿ ಎಂದು ಹೇಳಿ, ಗಾಜಿನ ಈಚೆಯಿಂದ ಗುಂಡಿ ತಿರುಗಿಸುತ್ತ ಅವರು ಬೆರಳೆತ್ತುವುದನ್ನೂ ಎತ್ತದಿರುವುದನ್ನೂ ನೋಡಿ ನೋಡಿ ಅವನಿಗೆ ಮನುಷ್ಯರೆಲ್ಲ ಅರ್ಧ ಎತ್ತಿದ ಬೆರಳಿನ ಹಾಗೇ ಕಾಣತೊಡಗಿದ್ದರು. ಬೆಂಚಿನ ಬಳಿ ಹೆಂಡತಿ ಕೂರುತ್ತಿದ್ದಳು. ಬಂದವರ ಹೆಸರು ಬರೆಯುವುದು, ಮಿಷನ್ನಿನ ತುದಿಗೆ ಸಿಕ್ಕಿಸುವ ಕಿವಿಯ ಅಚ್ಚುಗಳಿಗೆ ಅಂಟಿದ ಗುಗ್ಗೆಯನ್ನು ಸಣ್ಣ ಬ್ರಷ್ಷಿನಿಂದ ತೆಗೆಯುವುದು, ಗದರುವ ಮಕ್ಕಳನ್ನೂ ಹಟ ಹಿಡಿಯುವ ಅಪ್ಪಂದಿರನ್ನೂ ಒಂದು ಹದಕ್ಕೆ ತರುವುದು ಅವಳ ಕೆಲಸ. ಕಿವಿ ಡಾಕ್ಟರು ಎಂದು ಜನ ಕರೆದಾಗ ಅವಳೊಬ್ಬಳು ಮಾತ್ರ ತಲೆ ತಗ್ಗಿಸಿ ಬ್ರಷ್ಷು ಜೋರಾಗಿ ಆಡಿಸುತ್ತಿದ್ದಳು. ಆ ಬ್ರಷ್ಷಿನ ಸದ್ದು ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಪ್ರವಾಸಕ್ಕೆ ಹೊರಟ ಹೊಸದರಲ್ಲೇ ಅಕ್ಕತಂಗಿಯರು ಒಂದು ಕೋಣೆ, ಗಂಡಸರು ಇನ್ನೊಂದು ಕೋಣೆ ಎಂದಾಗಿಹೋಗಿತ್ತು. "ಮದುವೆ ಆದ್ಮೇಲೆ ನಾವಿಬ್ರೂ ಒಂದೇ ಕಡೆ ಮಲಗಿ ಮಾತಾಡಿದ್ದೇ ಇಲ್ಲ, ನೀವು ನೀವು ಹೊಂದ್ಕೊಂಡು ಹೋಗಿ," ಎಂದು ಅತ್ತಿಗೆ ಅಪ್ಪಣೆ ಕೊಟ್ಟಿದ್ದರು. ಹಾಗಾಗಿ ಸಮುದ್ರಗಳಾಚೆ, ಬೆಟ್ಟದ ರೈಲು, ಅರಮನೆ, ಗಡಿಯಾರದ ಗೋಪುರ ಎಂದು ತಿಂಗಳ ಮೇಲೆ ಸುತ್ತಿದ ಈ ಪ್ರವಾಸದಲ್ಲಿ ಅವನು ನಿಜವಾಗಿ ಸಂಸಾರ ಮಾಡಿದ್ದು ಷಡ್ಡಕರ ಜೊತೆ. ಅವರು ಒದ್ದೆ ಟವೆಲ್ಲನ್ನು ತಪ್ಪದೆ ಇವನ ಮಂಚದ ಮೇಲೆ ಹಾಕುವುದು, ಹಲ್ಲುಜ್ಜುವಾಗ ಗಂಟಲಿನಿಂದ ಯಾರನ್ನೋ ಹೊರಗೆ ಕರೆಯುವಂಥ ಸದ್ದು ಮಾಡುವುದು, ಪ್ರತಿ ಊರಿನಲ್ಲೂ ಕಿಟಕಿ ತೆಗೆದು "ನಮ್ಮ ಕಡೆ ಇಷ್ಟು ಚಳಿ ಇಲ್ಲ" ಎನ್ನುವುದು, ಎಲ್ಲ ಈಗ ಇವನಿಗೆ ಬಾಯಿಪಾಠ. ಹೆಂಡತಿಯ ಅಭ್ಯಾಸಗಳ ಬಗ್ಗೆ ಯಾರಾದರೂ ಕೇಳಿದರೆ ಇಷ್ಟು ಹೇಳಬಲ್ಲೆನೇ ಎಂದು ಒಮ್ಮೆ ಯೋಚಿಸಿ, ಆ ಯೋಚನೆಯನ್ನು ಅಲ್ಲೇ ಬಿಟ್ಟಿದ್ದ.

ಬಿಡಲಾಗದೆ ಉಳಿದದ್ದು ಅವಳ ನಗು. ಪ್ರತಿ ಹೋಟೆಲಿನಲ್ಲೂ ಸಂಜೆ, ಊಟಕ್ಕೆ ಇಳಿಯುವ ಮುಂಚೆ, ಪಕ್ಕದ ಕೋಣೆಯಿಂದ ಅದು ಗೋಡೆ ದಾಟಿ ಬರುತ್ತಿತ್ತು. ಮೊದಲ ಸಲ ಕೇಳಿದಾಗ ಅತ್ತಿಗೆಯದು ಎಂದುಕೊಂಡ. ಆಮೇಲೆ, ಕಸುಬೇ ಕಿವಿಯದಾದ್ದರಿಂದ, ಅದು ಇನ್ನೊಂದು ಗಂಟಲು ಎಂದು ಒಪ್ಪಿಕೊಳ್ಳಬೇಕಾಯಿತು. ಉಸಿರು ಕಟ್ಟಿ, ಸ್ವಲ್ಪ ಗೊರಕೆಯಂತೆ ಮೂಗಿನಲ್ಲಿ ಸಿಕ್ಕಿ, ಮತ್ತೆ ಬಿಡಿಸಿಕೊಂಡು ಬರುವ ನಗು. ತನ್ನ ಮನೆಯಲ್ಲಿ ಅವನು ಅದನ್ನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಅವಳು ನಗುತ್ತಿರಲಿಲ್ಲ ಎಂದಲ್ಲ, ನಗಬೇಕಾದ ಕಡೆ ನಗುತ್ತಿದ್ದಳು. ಇದು ಬೇರೆ. ಇಷ್ಟು ನಗಿಸುವಂಥದ್ದು ಏನು ಎಂಬುದು ಮೊದಮೊದಲು ಕುತೂಹಲವಾಗಿತ್ತು, ಆಮೇಲೆ ತುರಿಕೆಯಾಯಿತು, ಕೊನೆಯದಕ್ಕಿಂತ ಹಿಂದಿನ ಈ ಊರಿಗೆ ಬಂದು ಪೆಟ್ಟಿಗೆ ಇಳಿಸುವಷ್ಟರಲ್ಲಿ ಹೊಟ್ಟೆಕಿಚ್ಚಾಗಿತ್ತು. ಷಡ್ಡಕರಿಗೆಂದು ತಂದು, ಅವರು ಮುಟ್ಟಲೂ ಒಲ್ಲದೆ ಪೆಟ್ಟಿಗೆಯ ತಳ ಸೇರಿದ್ದ ಮಿಷನ್ ಆಗ ಅವನ ಕೈಗೆ ಬಂತು. ಅವರು ಬಚ್ಚಲಿಗೆ ಹೋದದ್ದನ್ನು ನೋಡಿಕೊಂಡು, ನೆಟ್ಟಗಿರುವ ತನ್ನ ಕಿವಿಗೆ ಅದನ್ನು ಸಿಕ್ಕಿಸಿ, ದನಿಯನ್ನು ಮೇಲಕ್ಕೇರಿಸಿ, ಗೋಡೆಗೆ ಒರಗಿದ. ಪೈಪಿನೊಳಗೆ ನೀರು ಇಳಿಯುವುದು, ಲಿಫ್ಟಿನ ಹಗ್ಗ ನರಳುವುದು, ತನ್ನದೇ ಹೊಟ್ಟೆ ಗುರ್ ಎನ್ನುವುದು ಎಲ್ಲ ಕೇಳಿದ ಮೇಲೆ, ಹೆಂಡತಿಯ ದನಿ ಪಕ್ಕದಲ್ಲೇ ನಿಂತ ಹಾಗೆ, "ನಮ್ಮನೆಯವರು..." ಎಂದಿತು. ನಗು ಶುರುವಾಯಿತು. ಮುಂದಿನ ಮಾತು ಬರುವಷ್ಟರಲ್ಲಿ ಮಿಷನ್ ಗೋಡೆಗೆ ತಾಗಿ ಕೀ ಎಂದು ಕಿರುಚಿಕೊಂಡಿತು, ಬಚ್ಚಲ ಬಾಗಿಲು ತೆರೆಯಿತು. ಆ ಕಿರುಚು ಷಡ್ಡಕರಿಗೆ ಕೇಳದಿದ್ದದ್ದೇ ಪುಣ್ಯ ಎಂದುಕೊಂಡಿದ್ದ, ಪಾಪ.

ತಿಂಡಿ ಮುಗಿಸಿ ದೋಣಿಯ ಸವಾರಿಗೆ ಹೋದರು. ನದಿಯ ಎರಡೂ ಕಡೆ ಯಾವ ಕಟ್ಟಡ ಯಾರು ಕಟ್ಟಿಸಿದ್ದು ಎಂದು ವಿವರಿಸುವ ಹೆಡ್‌ಫೋನುಗಳನ್ನು ದೋಣಿಯವರು ಎಲ್ಲರಿಗೂ ಹಂಚಿದರು. ಹೆಂಡತಿ ತನ್ನದನ್ನು ಹಾಕಿಕೊಳ್ಳುವ ಮುಂಚೆ ಅವನದನ್ನು ತೆಗೆದುಕೊಂಡಳು, ದನಿಯ ಗುಂಡಿಯನ್ನು ತುದಿಯವರೆಗೆ ತಿರುಗಿಸಿದಳು, ತಲೆಗೆ ಮೃದುವಾಗಿ ಸಿಕ್ಕಿಸಿ ಕಿವಿಯ ಹಿಂದಿನ ಕೂದಲನ್ನು ಸರಿಸಿದಳು. ಸೇತುವೆಗಳ ಇತಿಹಾಸ ಅವನ ತಲೆಯೊಳಗೆ ಸುತ್ತಿಗೆಯಂತೆ ಬಡಿಯತೊಡಗಿತು. ಕಣ್ಣಲ್ಲಿ ನೀರು ಬಂತು. "ಚೆನ್ನಾಗಿದೆ ಅಲ್ವಾ?" ಎಂಬಂತೆ ಅವಳು ಹುಬ್ಬೇರಿಸಿದಾಗ ಅವನು ಗೋಣು ಹಾಕಿದ. ತೆಗೆದರೆ ಅವಳ ಕೈ ಸರಿಸಿದ ಕೂದಲಿನ ಜಾಗದ ಬಿಸಿ ಆರಿಹೋಗುತ್ತದೆ ಎಂಬ ಭಯವೂ ಇತ್ತು, ಅದನ್ನು ಅವನು ಅಲ್ಲಗಳೆಯಲಾರ. ಅವಳು ಅವನನ್ನು ಹೀಗೆ ಮುಟ್ಟಿ ಯಾವ ಕಾಲವಾಗಿತ್ತೋ.

ಅಂಗಡಿಗೆ ಬಂದ ಮನೆಯವರಿಗೆಲ್ಲ ಅವನು ಒಪ್ಪಿಸುತ್ತಿದ್ದ ಪಾಠವೊಂದಿತ್ತು. ಮಾತಾಡುವ ಮುಂಚೆ ಮೆಲ್ಲಗೆ ಮುಟ್ಟಿ ಕರೆಯಿರಿ, ಬೆಳಕು ನಿಮ್ಮ ಮುಖದ ಮೇಲಿರಲಿ, ಕಿರುಚಬೇಡಿ, ಬಿಡಿಸಿ ಹೇಳಿ, ಅರ್ಥವಾಗದಿದ್ದರೆ ಬೇಸರ ಮಾಡದೆ ಇನ್ನೊಂದು ಸಲ ಹೇಳಿ. ಬೆಂಚಿನ ಬಳಿ ಕೂತು ಅದನ್ನು ಕೇಳಿಸಿಕೊಂಡವಳು ಈಗ ಒಂದಕ್ಷರ ಬಿಡದೆ ಅವನ ಮೇಲೆಯೇ ನಡೆಸತೊಡಗಿದಳು. ಮೊದಲು ಮಣಿಕಟ್ಟಿನ ಮೇಲೆ ಎರಡು ಬೆರಳು. ಆಮೇಲೆ ಮುಖ ಎದುರಿಗೆ. ಆಮೇಲೆ ತುಟಿಗಳನ್ನು ಪೂರ್ತಿ ತೆರೆದು, "ಬಿಸಿಲು—ಜಾಸ್ತಿ—ಇದೆ. ಟೋಪಿ—ಹಾಕ್ಕೊಳ್ಳಿ." ಅವಳ ಕೆಳತುಟಿಯ ಒಳಗೆ ಒಂದು ಸಣ್ಣ ಮಚ್ಚೆ ಇರುವುದು ಅವನಿಗೆ ಆಗ ಗೊತ್ತಾಯಿತು. ಟೋಪಿ ಹಾಕಿಕೊಂಡ. ಇಷ್ಟು ದಿನದ ಪ್ರವಾಸದಲ್ಲಿ ಅವನು ನೋಡಿದ್ದು ಇದೊಂದೇ ಎನ್ನಿಸಿ, ಅಷ್ಟೆಲ್ಲ ಅರಮನೆಗಳ ಮುಂದೆ ನಿಂತು ಹಲ್ಲು ಕಿರಿದು ತೆಗೆಸಿಕೊಂಡ ಫೋಟೋಗಳ ಬಗ್ಗೆ ಅವನಿಗೆ ನಗು ಬಂತು.

ಕಿವುಡಿನಲ್ಲೂ ಬಗೆಗಳಿವೆ, ಕಂಡಕಂಡ ಹಾಗೆ ಕಿವುಡಾಗುವುದು ಕಸುಬಿನವನಿಗೆ ಅವಮಾನ. ಅವನು ತನಗೊಂದನ್ನು ಆರಿಸಿಕೊಂಡ. ಎಡಗಿವಿ ಹೆಚ್ಚು ಹೋಗಿದೆ, ಬಲಗಿವಿ ಅಷ್ಟಿಷ್ಟು. ತೆಳ್ಳಗಿನ ದನಿಗಳು ಕೇಳವು, ದಪ್ಪ ದನಿಗಳು ಕೇಳುತ್ತವೆ. ಗದ್ದಲವಿದ್ದರೆ ಏನೂ ತಿಳಿಯದು. ಇದರಿಂದ ಒಂದು ಅನ್ಯಾಯವಾಯಿತು. ಅತ್ತಿಗೆಯದು ತೆಳು ದನಿ, ಅವರು ಆಡುವ ಸ್ವಾರಸ್ಯದ ಮಾತುಗಳನ್ನೆಲ್ಲ ಅವನು ಕೇಳಿಸಿಕೊಂಡೂ ಕೇಳದವನಂತೆ ಕೂರಬೇಕಿತ್ತು. ಷಡ್ಡಕರದು ಗುಡುಗು, ಅವರು ಪ್ರತಿ ಬಸ್ಸು ಹಾದಾಗಲೂ ಅದರ ಬಾಡಿಯ ಬೆಸುಗೆ ಎಲ್ಲಿ ಕೆಟ್ಟಿದೆ ಎಂದು ಹೇಳುವುದಕ್ಕೆ ಹೂಂಗುಟ್ಟಲೇಬೇಕಿತ್ತು. ಷಡ್ಡಕರಂತೂ ಜೊತೆ ಸಿಕ್ಕ ಖುಷಿಯಲ್ಲಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದರು. "ಮೊದಲು ಸ್ವಲ್ಪ ಬೇಜಾರಾಗುತ್ತೆ. ಆಮೇಲೆ ನೋಡಿ, ಎಷ್ಟು ನೆಮ್ಮದಿ," ಎಂದು ಕಿವಿಯ ಹತ್ತಿರ ಬಂದು ಕೂಗಿದರು. ಅವನ ಪಾತ್ರದಲ್ಲಿ ಒಂದೇ ಒಂದು ಕಡೆ ಮೋಸವಿತ್ತು. ಹೆಂಡತಿಯ ದನಿ ತೆಳುವೂ ಅಲ್ಲದ ದಪ್ಪವೂ ಅಲ್ಲದ ದನಿ. ಅವನು ತನಗೆ ಬೇಕಾದಾಗ ಅದನ್ನು ಕೇಳಿಸಿಕೊಂಡ, ಅವಳು ಮಣಿಕಟ್ಟು ಮುಟ್ಟಲಿ ಎನ್ನಿಸಿದಾಗ ಕೇಳಿಸಿಕೊಳ್ಳಲಿಲ್ಲ. ಇದನ್ನು ಇನ್ನಾರಾದರೂ ಮಾಡಿದ್ದರೆ ಅಯೋಗ್ಯ ಎಂದು ಬೈಯುತ್ತಿದ್ದ.

ಕೊನೆಯ ಊರಿನಲ್ಲಿ ಅವರಿಗೆ ಊರು ನೋಡಲು ಹೊತ್ತು ಉಳಿದಿರಲಿಲ್ಲ. ವಿಮಾನ ನಿಲ್ದಾಣದ ಪಕ್ಕದ ಹೋಟೆಲು, ಮಾರನೆಯ ಬೆಳಿಗ್ಗೆ ಇಬ್ಬರಿಬ್ಬರು ಬೇರೆ ಬೇರೆ ವಿಮಾನ ಹತ್ತಿ ತಮ್ಮ ತಮ್ಮ ಊರಿಗೆ. ಕಿಟಕಿಗೆ ಎರಡು ಪದರ ಗಾಜು, ಹೊರಗೆ ವಿಮಾನಗಳು ಸದ್ದಿಲ್ಲದೆ ಮೂಗೆತ್ತಿ ಹೋಗುತ್ತಿದ್ದವು. ಗೂಡಿನೊಳಗೆ ಕೂತ ಮುದುಕರಿಗೆ ಜಗತ್ತು ಹೀಗೇ ಕಾಣುತ್ತಿತ್ತೇನೋ ಎಂದು ನೋಡುತ್ತ ಅವನು ಹೋಟೆಲಿನ ಕಾಫಿಯ ಮೇಜಿನಲ್ಲಿ ಕೂತಿದ್ದ. ಷಡ್ಡಕರು ಪೆಟ್ಟಿಗೆಗಳನ್ನು ತೂಗಿಸಲು ಕೆಳಗೆ ಹೋಗಿದ್ದರು. ಅಕ್ಕತಂಗಿಯರು ಅವನ ಎಡಗಡೆಗೆ, ಕಾಲು ನೋವಿಗೆ ಚಪ್ಪಲಿ ಕಳಚಿ, ಎರಡು ಕಪ್ಪಿನ ನಡುವೆ ಒಂದು ಬಿಸ್ಕತ್ತು ಮುರಿದುಕೊಳ್ಳುತ್ತ ಕೂತಿದ್ದರು. ಅತ್ತಿಗೆ ಒಮ್ಮೆ ಅವನ ಕಡೆ ನೋಡಿದರು. ಹೆಂಡತಿ, "ಪರವಾಗಿಲ್ಲಕ್ಕ, ಎಡಗಡೆಗೆ ಅವರಿಗೆ ಏನೂ ಕೇಳ್ಸಲ್ಲ," ಎಂದಳು. ಗೋಡೆ ಇಲ್ಲ, ಮಿಷನ್ ಇಲ್ಲ, ಕಿರುಚಾಟವಿಲ್ಲ. ಬೇಕಾದ್ದು ಕೈಗೇ ಬಂದಿತ್ತು. ಅವನು ಇನ್ನಷ್ಟು ಕಿಟಕಿಯ ಕಡೆ ತಿರುಗಿದ.

"ಹಾಗಾದ್ರೆ ನನ್ನ ಜೊತೆ ಬರಲ್ಲ ನೀನು," ಎಂದರು ಅತ್ತಿಗೆ.

"ಹೇಗೆ ಬರ್ಲಿ?" ಎಂದಳು ಹೆಂಡತಿ. "ಟಿಕೆಟ್ ಬದಲಾಯಿಸೋಕೆ ಆಗುತ್ತೆ, ನಾಳೆ ಕೌಂಟರಲ್ಲಿ ಹೇಳಿದ್ರೂ ಸಾಕು ಅಂದಿದಾರೆ. ಅಕ್ಕನ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ ಅಂತ ಇವರಿಗೆ ಹೇಳಿಬಿಡೋದು, ಆಮೇಲೆ ಆ ಸ್ವಲ್ಪ ದಿನ ಎಷ್ಟು ದಿನ ಅಂತ ಯಾರು ಕೇಳ್ತಾರೆ ಅಂದ್ಕೊಂಡಿದ್ದೆ. ನಿಜ ಹೇಳ್ತೀನಿ, ವಾಪಸ್ ಹೋಗೋ ಮನಸ್ಸೇ ಇರ್ಲಿಲ್ಲ ನನಗೆ."

"ಈಗ ಮನಸ್ಸು ಬಂತಾ?"

"ಮನಸ್ಸಿನ ಮಾತಲ್ಲಕ್ಕ. ಆ ಮನೇಲಿ ನಾನು ಏನಾದ್ರೂ ಹೇಳಿದ್ರೆ ಗೋಡೆ ಜೊತೆ ಮಾತಾಡಿದ ಹಾಗೆ. ಎದುರಿಗೇ ಕೂತಿರ್ತಾರೆ, ಒಂದು ಹೂಂ ಇಲ್ಲ ಉಹುಂ ಇಲ್ಲ. ಕಾಯ್ತಾ ನಿಂತ್ಕೊಂಡು ಕಾಲು ನೋವು ಬಂದು ನಾನೇ ಒಳಗೆ ಹೋಗ್ತಿದ್ದೆ. ಬೇಕೂ ಅಂತ ಮಾಡ್ತಾರೆ ಅಂದ್ಕೊಂಡು ಎಷ್ಟು ಬೈಕೊಂಡಿದೀನಿ ಗೊತ್ತಾ. ನಿನ್ನ ಹತ್ರ ಅವರ ಹಾಗೆ ನಟನೆ ಮಾಡಿ ತೋರ್ಸಿ ನಕ್ಕಿದೀನಿ. ಈಗ ನೋಡಿದ್ರೆ ಪಾಪ, ಕೇಳ್ತಾನೇ ಇರ್ಲಿಲ್ಲ."

"ದಿನಾ ಅದೇ ಕೆಲಸ ಮಾಡ್ಕೊಂಡು ನಿನಗೆ ಗೊತ್ತಾಗ್ಲಿಲ್ವಾ?"

"ಬಂದವರದ್ದೆಲ್ಲ ಗೊತ್ತಾಗ್ತಿತ್ತು. ಅವರ ಮನೆಯವರನ್ನ ಕೂರಿಸ್ಕೊಂಡು ನಾನೇ ಹೇಳ್ತಿದ್ದೆ, ಅವರು ಬೇಕಂತ ಮಾಡ್ತಿಲ್ಲ, ಕೇಳ್ತಿಲ್ಲ ಅಷ್ಟೆ ಅಂತ." ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸಿದಳು. "ಒಂಥರಾ ಹಗುರ ಆಯ್ತಕ್ಕ ನನಗೆ. ಇಷ್ಟು ವರ್ಷದ್ದು ಎಲ್ಲ ಇಳಿದುಹೋದ ಹಾಗೆ. ಈಗ ಬಿಟ್ಟು ಬಂದ್ರೆ ನಾನೇ ಪಾಪಿ ಆಗ್ತೀನಿ."

ಅವನು ವಿಮಾನಗಳನ್ನು ನೋಡುತ್ತಿದ್ದ. ಮೊದಲು ಬಂದದ್ದು ಭಯ. ಇವಳು ಬರುವವಳಿರಲಿಲ್ಲ. ತಾನು ಊರು ಊರಲ್ಲಿ ಷಡ್ಡಕರ ಟವೆಲ್ ಒಣಗಿಸುತ್ತಿದ್ದಾಗ ಇವಳು ಗೋಡೆಯ ಆಚೆ ತನ್ನನ್ನು ಬಿಡುವ ಏರ್ಪಾಟು ಮಾಡಿಕೊಂಡಿದ್ದಳು, ಅದೂ ನಗುತ್ತ. ಭಯದ ಬೆನ್ನಿಗೇ ಬಂದದ್ದು, ಹೇಳಿಕೊಳ್ಳಲು ನಾಚಿಕೆಯಾಗುವಂಥ ನೆಮ್ಮದಿ. ಬರುತ್ತಾಳೆ. ಬರುವುದಷ್ಟೇ ಅಲ್ಲ, ಎಲ್ಲ ಹೊಟ್ಟೆಗೆ ಹಾಕಿಕೊಂಡು ಬರುತ್ತಾಳೆ. ವರ್ಷಗಟ್ಟಲೆ ಅವನು ಉತ್ತರ ಕೊಡದೆ ಬಿಟ್ಟ ಮಾತುಗಳಿಗೆಲ್ಲ ಒಂದೇ ಏಟಿಗೆ ಕ್ಷಮೆ, ಅದೂ ಬಸ್ಸಿನ ಬಾಡಿ ಕಟ್ಟುವವರೊಬ್ಬರ ದಯೆಯಿಂದ. ಮಾಡಬೇಕಾದ್ದೇನು ಅಷ್ಟಕ್ಕೆ? ಇನ್ನುಳಿದ ಕಾಲ ಕಿವುಡನಾಗಿರುವುದು. ಅವನು ಅದನ್ನೂ ಯೋಚಿಸಿದ, ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ. ಕಿವಿಯಲ್ಲೊಂದು ಮಿಷನ್ ಇಟ್ಟುಕೊಂಡು ಅಂಗಡಿಯಲ್ಲಿ ಕೂತರೆ, ನೋಡಿ ನಾನೂ ಹಾಕಿಕೊಂಡಿದ್ದೇನೆ ಎಂದು ಹಟದ ಮುದುಕರಿಗೆ ತೋರಿಸಬಹುದು, ನಂಬಿಕೆ ಹೆಚ್ಚುತ್ತದೆ. ಬ್ಯಾಟರಿ ಹಾಕದೆ ಇಟ್ಟುಕೊಂಡರಾಯಿತು. ಹೆಂಡತಿ ದಿನಾ ಬೆಳಿಗ್ಗೆ ಅದನ್ನು ಒರೆಸಿ ಕಿವಿಗೆ ಸಿಕ್ಕಿಸುತ್ತಾಳೆ, ಕೂದಲು ಸರಿಸುತ್ತಾಳೆ. ಆ ಚಿತ್ರ ಎಷ್ಟು ಹಿತವಾಗಿತ್ತೆಂದರೆ ಅವನು ತನ್ನ ಕಾಫಿ ಮುಗಿಸಿ, ಉಳಿದ ಬಿಸ್ಕತ್ತಿಗೂ ಕೈ ಹಾಕಿದ. ಹೆಂಡತಿ ತಟ್ಟೆಯನ್ನು ಅವನ ಕಡೆ ಸರಿಸಿದಳು.

ಬೆಳಿಗ್ಗೆ ನಿಲ್ದಾಣದಲ್ಲಿ ಎರಡು ಸಾಲು. ಹಾಲಿನ ಆ ತುದಿಯ ಕೌಂಟರಿನಲ್ಲಿ ಷಡ್ಡಕರು, ಅತ್ತಿಗೆ. ಈ ತುದಿಯಲ್ಲಿ ಇವರಿಬ್ಬರು. ಅಕ್ಕತಂಗಿಯರು ಮೊದಲೇ ಅತ್ತು ಮುಗಿಸಿದ್ದರು. ಷಡ್ಡಕರು ಅವನನ್ನು ಅಪ್ಪಿಕೊಂಡು, "ಧೈರ್ಯವಾಗಿರಿ, ನಾನಿದೀನಿ," ಎಂದು ಕೂಗಿದ್ದಕ್ಕೆ ಕಾವಲಿನವನೊಬ್ಬ ಹತ್ತಿರ ಬಂದು ವಿಚಾರಿಸಿ ಹೋಗಿದ್ದ. ಸಾಲು ಮೆಲ್ಲಗೆ ಸರಿಯುತ್ತಿತ್ತು. ಗಾಡಿಯ ಮೇಲೆ ಅವನ ಪೆಟ್ಟಿಗೆ ಕೆಳಗೆ, ಅವಳದು ಮೇಲೆ. ಅವಳು ಆಗಾಗ ಆ ತುದಿಯ ಕಡೆ ನೋಡುತ್ತಿದ್ದಳು, ಅಕ್ಕನ ಬೆನ್ನು ಕಾಣುವಷ್ಟು ಹೊತ್ತು ನೋಡಿ, ಯಾರಾದರೂ ಅಡ್ಡ ಬಂದರೆ ಕತ್ತು ಕೊಂಕಿಸಿ ಮತ್ತೆ ನೋಡುತ್ತಿದ್ದಳು. ಅವನು ಅದನ್ನು ನೋಡದಿರಲು ಗಾಡಿಯ ಚಕ್ರ ನೋಡಿದ. ಆಗ ಮಣಿಕಟ್ಟಿನ ಮೇಲೆ ಎರಡು ಬೆರಳು ಬಂದವು.

ಅವಳು ಎದುರಿಗೆ ನಿಂತು, ಮುಖವನ್ನು ಬೆಳಕಿಗೆ ಹಿಡಿದು, ಬಿಡಿಸಿ ಬಿಡಿಸಿ ಹೇಳಿದಳು. "ನಿಮಗೆ—ಕೇಳ್ತಿಲ್ಲ—ಅಂತ—ನನಗೆ ಗೊತ್ತಾಗ್ಲಿಲ್ಲ. ನಿಮ್ಮ ಬಗ್ಗೆ—ಏನೇನೋ—ಅಂದ್ಕೊಂಡೆ. ತಪ್ಪು—ನನ್ನದು." ಹಿಂದಿನವನು ಗಾಡಿಯನ್ನು ಇವರ ಕಾಲಿಗೆ ತಾಗಿಸಿದ. ಅವಳು ಅದನ್ನು ಗಮನಿಸದೆ, ಅರ್ಥವಾಯಿತೋ ಇಲ್ಲವೋ ಎಂದು ಅವನ ಮುಖದಲ್ಲಿ ಹುಡುಕುತ್ತಿದ್ದಳು. ಅವಳ ಕಣ್ಣು ಅಕ್ಕನಿಗಾಗಿ ಅತ್ತು ಊದಿಕೊಂಡಿದ್ದವು, ಆ ಊದಿದ ಕಣ್ಣಲ್ಲೇ ಅವನ ಕ್ಷಮೆ ಕೇಳುತ್ತಿದ್ದಳು. ನಿನ್ನೆಯ ನೆಮ್ಮದಿ ಹಳಸಿಹೋಯಿತು. ಅವಳ ಬೈಗುಳ ತಾಳಿಕೊಳ್ಳಲು ಅವನಿಗೆ ಆಗುತ್ತಿತ್ತು, ನಗು ಆಗುತ್ತಿತ್ತು, ಬಿಟ್ಟು ಹೋಗುವುದೂ ಹೇಗೋ ಆಗುತ್ತಿತ್ತು. ಇದೊಂದು ಆಗಲಿಲ್ಲ.

"ನನಗೆ ಕಿವಿ ಕೇಳುತ್ತೆ," ಎಂದ.

ಅವಳು ಮುಗುಳ್ನಕ್ಕಳು. "ಹೂಂ—ಕೇಳುತ್ತೆ."

"ಇಲ್ಲ, ನಿಜವಾಗ್ಲೂ ಚೆನ್ನಾಗಿ ಕೇಳುತ್ತೆ. ನನಗೆ ಏನೂ ಆಗಿಲ್ಲ."

"ಬೆಂಚಿನ ಮೇಲೆ ಕೂತವರೆಲ್ಲ—ಮೊದಲು—ಹೇಳೋದೇ ಇದು," ಎಂದು ಅವನ ಕೈ ತಟ್ಟಿದಳು. "ಊರಿಗೆ—ಹೋಗಿ—ಗೂಡಲ್ಲಿ ಕೂರಿಸಿ—ನೋಡೋಣ."

ಹೌದಲ್ಲ. ಎಲ್ಲರೂ ಹೇಳುವುದು ಇದೇ. ನನಗೆ ಏನೂ ಆಗಿಲ್ಲ, ಇವರು ಸುಮ್ಮನೆ ಕರೆದುಕೊಂಡು ಬಂದಿದ್ದಾರೆ. ಆಗ ಅವನೂ ಹೀಗೇ ಮುಗುಳ್ನಕ್ಕು ಹೀಗೇ ಕೈ ತಟ್ಟಿ ಗೂಡಿನ ಬಾಗಿಲು ತೆರೆಯುತ್ತಿದ್ದ. ಅವನು ದನಿ ಏರಿಸಿ ಇನ್ನೊಮ್ಮೆ ಹೇಳಿದ, ಮುಂದಿನವರು ತಿರುಗಿ ನೋಡಿದರು. ದನಿ ಏರಿಸುವುದೂ ಕಿವುಡರ ಲಕ್ಷಣವೇ. ಜೀವನದಲ್ಲಿ ಅಪರೂಪಕ್ಕೊಮ್ಮೆ ನಿಜ ಹೇಳಲು ಹೊರಟರೆ ಅದಕ್ಕೂ ತನ್ನ ಕಸುಬೇ ಅಡ್ಡ ಬರುತ್ತಿದೆ ಎಂದು ಅವನಿಗೆ ನಗಬೇಕೆನ್ನಿಸಿತು. ಇಲ್ಲಿಗೇ ಬಿಡಬಹುದಿತ್ತು. ಹೇಳಿದ್ದೇನೆ, ಅವಳು ನಂಬಲಿಲ್ಲ, ನನ್ನ ತಪ್ಪೇನು ಎಂದುಕೊಂಡು ಆರಾಮವಾಗಿ ವಿಮಾನ ಹತ್ತಬಹುದಿತ್ತು. ಸಾಲು ಇನ್ನೊಂದು ಹೆಜ್ಜೆ ಸರಿಯಿತು. ಅವನು ಅವಳ ಮುಖ ನೋಡಲಾರದೆ ಮೇಲಿದ್ದ ಅವಳ ಪೆಟ್ಟಿಗೆಯ ಹಿಡಿ ನೋಡುತ್ತ, ನಿನ್ನೆ ಕಾಫಿಯ ಮೇಜಿನಲ್ಲಿ ಅವಳು ಆಡಿದ್ದನ್ನು ಹೇಳತೊಡಗಿದ. "ಸ್ವಲ್ಪ ದಿನ ಅಂತ ಹೇಳಿಬಿಡೋದು, ಆ ಸ್ವಲ್ಪ ದಿನ ಎಷ್ಟು ದಿನ ಅಂತ ಯಾರು ಕೇಳ್ತಾರೆ ಅಂದೆ. ವಾಪಸ್ ಹೋಗೋ ಮನಸ್ಸೇ ಇರ್ಲಿಲ್ಲ ಅಂದೆ. ಬಿಟ್ಟು ಬಂದ್ರೆ ನಾನೇ ಪಾಪಿ ಆಗ್ತೀನಿ ಅಂದೆ."

ಬೆರಳುಗಳು ಮಣಿಕಟ್ಟು ಬಿಟ್ಟವು.

ಅವಳು ಬಿಡಿಸಿ ಹೇಳುವುದನ್ನು ಮರೆತು, ತನ್ನ ಮಾಮೂಲಿನ ದನಿಯಲ್ಲಿ ಕೇಳಿದಳು. "ಮತ್ತೆ ಮಿಷನ್ ಯಾಕೆ ಹಾಕ್ಕೊಂಡಿದ್ರಿ?"

"ನೀನು ನಗ್ತಾ ಇದ್ದೆ. ಯಾಕೆ ಅಂತ ಗೊತ್ತಾಗ್ಬೇಕಿತ್ತು."

"ನನ್ನನ್ನೇ ಕೇಳಿದ್ರೆ ಆಗ್ತಿತ್ತು."

ಅದು ಅವನಿಗೆ ಹೊಳೆದೇ ಇರಲಿಲ್ಲ. ಅಷ್ಟು ಊರುಗಳಲ್ಲಿ, ಅಷ್ಟು ಸಂಜೆಗಳಲ್ಲಿ, ಮೆಟ್ಟಿಲಿಳಿದು ಊಟಕ್ಕೆ ಹೋಗುವಾಗ ಪಕ್ಕದಲ್ಲೇ ನಡೆಯುತ್ತಿದ್ದವಳನ್ನು ಏನು ಅಷ್ಟು ನಗು ಎಂದು ಕೇಳುವುದು ಹೊಳೆದಿರಲಿಲ್ಲ.

"ಮನೇಲೂ ಕೇಳಿಸ್ತಿತ್ತಾ?" ಎಂದಳು.

"ಕೇಳಿಸ್ತಿತ್ತು."

"ಎಲ್ಲಾನೂ?"

"ಎಲ್ಲಾನೂ."

"ಗೂಡಲ್ಲಿ ಪರೀಕ್ಷೆ ಮಾಡೋದು ನಾನೂ ಕಲೀತೀನಿ, ಅದಕ್ಕೊಂದು ತರಬೇತಿ ಇದೆಯಂತೆ, ಸೇರ್ಲಾ ಅಂತ ಕೇಳಿದ್ದೆ. ನೀವು ಪೇಪರ್ ಓದ್ತಾ ಇದ್ರಿ. ನಾನು ಬಾಗಿಲ ಹತ್ರ ನಿಂತಿದ್ದೆ."

ಅವನಿಗೆ ನೆನಪಿತ್ತು. ಪೇಪರಿನ ಆ ಪುಟದಲ್ಲಿ ಏನಿತ್ತು ಎಂಬುದು ನೆನಪಿರಲಿಲ್ಲ, ಯಾಕೆಂದರೆ ಅವನು ಅದನ್ನು ಓದುತ್ತಿರಲಿಲ್ಲ. ಅವಳು ಒಳಗೆ ಹೋಗಲಿ ಎಂದು ಕಾಯುತ್ತಿದ್ದ. ಅವಳು ಗೂಡಿನ ಈಚೆ ಬಂದು ಕೂತರೆ ತಾನು ಡಾಕ್ಟರಲ್ಲ ಎಂಬುದು ಊರವರಿಗೆ ಎಷ್ಟು ಸುಲಭವಾಗಿ ಗೊತ್ತಾಗಿಬಿಡುತ್ತದೆ ಎಂದು ಭಯವಾಗಿತ್ತು.

"ಕೇಳಿಸಿತ್ತು," ಎಂದ.

ಅವಳು ಅಳಲಿಲ್ಲ, ಬೈಯಲಿಲ್ಲ. ಗಾಡಿಯ ಮೇಲಿನಿಂದ ತನ್ನ ಪೆಟ್ಟಿಗೆಯನ್ನು ಇಳಿಸಿಕೊಂಡಳು. ಅವನು ಕೈ ಚಾಚಿದ, ಇಳಿಸಲು ಸಹಾಯಕ್ಕೋ ತಡೆಯಲಿಕ್ಕೋ ಅವನಿಗೇ ತಿಳಿಯಲಿಲ್ಲ, ಅಷ್ಟರಲ್ಲಿ ಪೆಟ್ಟಿಗೆ ನೆಲಕ್ಕೆ ಬಂದಿತ್ತು. ಅವಳು ಹಿಡಿಯನ್ನು ಎಳೆದು ಉದ್ದ ಮಾಡಿ, ಅವನ ಎದುರಿಗೆ ನಿಂತು, ಮುಖವನ್ನು ಬೆಳಕಿಗೆ ಹಿಡಿದು, ತುಟಿಗಳನ್ನು ಪೂರ್ತಿ ತೆರೆದು ಹೇಳಿದಳು. "ನಾನು—ಅಕ್ಕನ—ಜೊತೆ—ಹೋಗ್ತಿದೀನಿ." ಅಭ್ಯಾಸದಿಂದ ಹಾಗೆ ಹೇಳಿದಳೋ, ಅವನನ್ನು ಆಡಿಕೊಳ್ಳಲು ಹೇಳಿದಳೋ. ಎರಡಕ್ಕೂ ಅವನು ಅರ್ಹನಾಗಿದ್ದ. ಬೇಡ ಎನ್ನುವುದಕ್ಕೆ ಬಾಯಿ ತೆರೆದ, ಆ ಮಾತು ಹೊರಬರುವಷ್ಟರಲ್ಲಿ ಅವಳು ಅಷ್ಟು ದೂರ ಹೋಗಿದ್ದಳು. ಜನರ ನಡುವೆ ಅವಳ ಬೆನ್ನು, ಆಮೇಲೆ ಅತ್ತಿಗೆ ತಿರುಗಿದ್ದು, ಷಡ್ಡಕರು ಕೈಯಾಡಿಸುತ್ತ ಏನೋ ಕೂಗಿದ್ದು ಕಂಡಿತು. ಅವಳು ಅವರಿಗೆ ಏನು ಹೇಳಿದಳೋ, ಅಷ್ಟು ದೂರದಿಂದ ಯಾವ ಕಿವಿಗೂ ಕೇಳುವಂತಿರಲಿಲ್ಲ.

ಅವನ ಸರದಿ ಬಂತು. ಕೌಂಟರಿನ ಹುಡುಗಿ ಅವನ ಪಾಸ್‌ಪೋರ್ಟ್ ತೆಗೆದುಕೊಂಡು, ಟಿಕೆಟ್ಟಿನಲ್ಲಿ ಎರಡು ಹೆಸರು ಕಂಡು, ಅವನ ಪಕ್ಕದ ಖಾಲಿ ಜಾಗ ನೋಡಿ, ಮುಂದೆ ಬಾಗಿ, ಹಿಂದಿನವರಿಗೆ ಕೇಳದಂತೆ ಮೆಲುದನಿಯಲ್ಲಿ, ಒಬ್ಬರೇ ಹೋಗುವುದೇ ಎಂದು ಕೇಳಿದಳು. ಹಾಲಿನ ತುಂಬ ಗದ್ದಲವಿತ್ತು. ಆದರೂ ಅವನಿಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಹೌದು," ಎಂದ. "ಒಬ್ಬನೇ."